ಆರನೇ ಕಂಬ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಇನ್ನರ್ಧಕ್ಕೆ ಅಮ್ಮ ಅಡ್ಡಬಾಯಿ ಹಾಕುತ್ತಾಳೆ. ಅದಕ್ಕೇ ಪತ್ರ.

ಹೋದ ಭಾನುವಾರ ಲೀಡ್ಸ್‌ನಿಂದ ರೈಲು ಹತ್ತಿ ಉತ್ತರ ಇಂಗ್ಲೆಂಡಿನ ರಿಬಲ್‌ಹೆಡ್ ರೈಲು ಸೇತುವೆ ನೋಡಿ ಬಂದೆ. ಬೋಳುಗುಡ್ಡ, ಜೌಗು ನೆಲ, ಕೊಡೆ ಮಗುಚುವ ಗಾಳಿ. ಅದರ ನಡುವೆ 24 ಕಮಾನು, 400 ಮೀಟರ್ ಉದ್ದ, 32 ಮೀಟರ್ ಎತ್ತರ. ಪಾಯ ಎಷ್ಟು ಆಳ ಅಂತ ನೀವು ಕೇಳೇ ಕೇಳುತ್ತೀರಿ. ಬಂಡೆ ಸಿಗುವ ತನಕ 25 ಅಡಿ ತೋಡಿದ್ದಾರಂತೆ. ಕಟ್ಟಿಸಿದ್ದು ಮಿಡ್‌ಲ್ಯಾಂಡ್ ರೈಲ್ವೆ, ಎಂಜಿನಿಯರ್ ಕ್ರಾಸ್ಲಿ. ಮೊದಲ ಕಲ್ಲು 1870ರಲ್ಲಿ, ಕೊನೆಯದು 1874ರಲ್ಲಿ. ಕಂಬಗಳಿಗೆ ಸುಣ್ಣಕಲ್ಲು, ಕಮಾನುಗಳಿಗೆ 15 ಲಕ್ಷ ಇಟ್ಟಿಗೆ.

ಕೆಳಗೆ ನಿಂತು ಎಣಿಸಿದೆ. ಪ್ರತಿ ಆರನೇ ಕಂಬ ಬೇರೆಯವಕ್ಕಿಂತ ದಪ್ಪ. ಕಮಾನುಗಳು ಒಂದಕ್ಕೊಂದು ಒತ್ತುಕೊಟ್ಟು ನಿಂತಿರುತ್ತವಲ್ಲ, ಒಂದು ಕುಸಿದರೆ ಪಕ್ಕದ್ದೂ ಸಾಲಾಗಿ ಬೀಳುತ್ತದೆ. ಆ ದಪ್ಪ ಕಂಬ ಬೀಳುವುದನ್ನು ಅಲ್ಲಿಗೇ ತಡೆಯುತ್ತದೆ. ಬಿದ್ದರೂ ಇಷ್ಟೇ ಬೀಳಲಿ ಎಂದು ಮೊದಲೇ ಲೆಕ್ಕ ಹಾಕಿ ಕಟ್ಟಿದ್ದಾರೆ!

ಕೂಲಿಯವರು ಸಂಸಾರ ಸಮೇತ ಅಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಆ ಕೇರಿಗಳಿಗೆ ಜೆರಿಕೊ, ಸೆಬಾಸ್ಟೊಪೋಲ್ ಅಂತೆಲ್ಲ ಹೆಸರು. ಅಪಘಾತದಲ್ಲೂ ಸಿಡುಬಿನಲ್ಲೂ ಎಷ್ಟು ಜನ ಸತ್ತರೆಂದರೆ, ಹತ್ತಿರದ ಚಾಪೆಲ್-ಲೆ-ಡೇಲ್ ಚರ್ಚಿನ ಸ್ಮಶಾನವನ್ನೇ ದೊಡ್ಡದು ಮಾಡಬೇಕಾಯಿತು. ಅಪಘಾತದಲ್ಲಿ ಸತ್ತವರ ನೆನಪಿಗೆ ಚರ್ಚಿನೊಳಗೆ ಒಂದು ಫಲಕವಿದೆ. ಅದಕ್ಕೆ ಕಂಪನಿಯ ಜೊತೆ ಸಹಕೆಲಸಗಾರರೂ ದುಡ್ಡು ಹಾಕಿದ್ದಾರೆ. ಒಬ್ಬರ ಹೆಸರೂ ಇಲ್ಲ. ಎಡಕುಮೇರಿಯ ಹತ್ತಿರ ಗುಡ್ಡ ಕುಸಿದಾಗ ನಿಮ್ಮ ರೈಲ್ವೆ ಗ್ಯಾಂಗಿನವರೆಲ್ಲ ಚಂದಾ ಎತ್ತಿದ್ದು ನೆನಪಾಯಿತು.

ಇನ್ನೊಂದು ವಿಷಯಕ್ಕೆ ನೀವು ಖುಷಿಪಡುತ್ತೀರಿ. 1980ರ ದಶಕದಲ್ಲಿ ಈ ಲೈನನ್ನೇ ಮುಚ್ಚಲು ಹೊರಟಿದ್ದರು. ಕಾರಣ ನೀರು! ಹಳಿಯ ಕೆಳಗಿನಿಂದ ಮಳೆನೀರು ಒಳಗಿಳಿದು ಗಾರೆ, ಕಲ್ಲು ಹಾಳಾಗಿತ್ತು. ರಿಪೇರಿಗೆ ಭಾರೀ ಖರ್ಚು ಅಂದರು. ಜನ ಸಾವಿರಗಟ್ಟಲೆ ಆಕ್ಷೇಪಣೆ ಬರೆದರು. ಒಂದು ನಾಯಿಯ ಪಂಜದ ಗುರುತೂ ಅದರಲ್ಲಿ ಸೇರಿತ್ತು! ಕೊನೆಗೆ 1989ರಲ್ಲಿ ಸರ್ಕಾರ ಮುಚ್ಚುವುದಿಲ್ಲ ಎಂದಿತು. ಆಮೇಲೆ ರಿಪೇರಿ ಮುಗಿದಾಗ ಖರ್ಚು ಅಂದಾಜಿಗಿಂತ ಕಡಿಮೆ. 'ಮೊದಲು ಚರಂಡಿ ನೋಡು, ಆಮೇಲೆ ಹಳಿ ನೋಡು' ಅನ್ನುತ್ತಿದ್ದಿರಲ್ಲ, ಇಲ್ಲಿಯವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಡಬಲ್ ಲೈನಿಗೆ ಕಟ್ಟಿದ ಸೇತುವೆ, ಈಗ ಮೇಲೆ ಒಂದೇ ಹಳಿ.

ಫೋಟೋ ಇಟ್ಟಿದ್ದೇನೆ. ದಪ್ಪ ಕಂಬಕ್ಕೆ ಗುರುತು ಹಾಕಿಲ್ಲ, ಕನ್ನಡಕ ಹಾಕಿಕೊಂಡು ನೀವೇ ಹುಡುಕಿ.

ನಿಮ್ಮ ಮಗ