ಗುಂಡನಿಗೆ, ಟೆಲ್ ಪರವಾಗಿ ಜಗಳ ಆಡಿದವನಿಂದ

ಲೋ ಗುಂಡ,

ವಾಟ್ಸಾಪಲ್ಲಿ ಬರೆದ್ರೆ ನೀನು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ, ಅದಕ್ಕೇ ನಾಲ್ಕು ಜನ ನೋಡೋ ಕಡೆ ಹಾಕ್ತಿದೀನಿ. ಭಯ ಪಡ್ಬೇಡ, ಕೊಡೆ ವಿಷಯ ಎತ್ತಲ್ಲ.

ಮೊನ್ನೆ ಇಲ್ಲಿ ಸ್ವಿಟ್ಜರ್ಲೆಂಡಿನ ಆಫೀಸಲ್ಲಿ ಊಟದ ಹೊತ್ತಿಗೆ ಈ ದೇಶದೋರ ದಂತಕಥೆಯ ವೀರ ವಿಲಿಯಂ ಟೆಲ್ ಮಾತು ಬಂತು. ಕಥೆ ಗೊತ್ತಲ್ಲ, ಆಲ್ಟ್‌ಡಾರ್ಫ್ ಊರಲ್ಲಿ ಗೆಸ್ಲರ್ ಅನ್ನೋ ಅಧಿಕಾರಿ ಕಂಬಕ್ಕೆ ತನ್ನ ಟೋಪಿ ಸಿಗಿಸಿ ಎಲ್ರೂ ಅದಕ್ಕೆ ತಲೆ ಬಾಗಿಸ್ಬೇಕು ಅಂತಾನೆ, ಟೆಲ್ ಬಾಗಲ್ಲ, ಶಿಕ್ಷೆಗೆ ಮಗನ ತಲೆ ಮೇಲಿನ ಸೇಬಿಗೆ ಬಾಣ ಬಿಡ್ಬೇಕು, ಬಿಡ್ತಾನೆ, ಸೇಬಿಗೇ ಬೀಳತ್ತೆ, ಎರಡನೇ ಬಾಣ ಯಾಕಿಟ್ಕೊಂಡಿದ್ದೆ ಅಂದ್ರೆ ಮಗನಿಗೇನಾದ್ರೂ ಆಗಿದ್ರೆ ಅದು ನಿಂಗೇ ಅಂತಾನೆ. ಪಕ್ಕಾ ಇಂಟರ್ವಲ್ ಸೀನು.

ಎದುರಿಗೆ ಕೂತಿದ್ದ ಸ್ವಿಸ್ ಹುಡುಗ ಸಲಾಡ್ ಅಗೀತಾ "ಟೆಲ್ ಅನ್ನೋನು ಇರ್ಲೇ ಇಲ್ಲ ಬಿಡು" ಅಂದ. ನಂಗೂ ಗೊತ್ತಿರೋದೇ. 1300ರ ಆಸುಪಾಸಿನ ಕಥೆ ಅಂತಾರೆ, ಬರಹಕ್ಕೆ ಬಂದಿದ್ದು 1470ರ ಸುಮಾರಿಗೆ, ಸಾರ್ನೆನ್ ಊರಿನ 'ಬಿಳಿ ಪುಸ್ತಕ' ಅನ್ನೋ ಕೈಬರಹದಲ್ಲಿ. ಅದಕ್ಕೂ ಎಷ್ಟೋ ಮುಂಚೆ ಡೆನ್ಮಾರ್ಕಿನ ಸಾಕ್ಸೋ ಬರೆದ ಚರಿತ್ರೆಯಲ್ಲಿ ಟೋಕೋ ಅನ್ನೋ ಬಿಲ್ಲುಗಾರ ಇದೇ ಥರ ಮಗನ ತಲೆ ಮೇಲಿನ ಸೇಬು ಹೊಡ್ದಿದಾನೆ, ಎಕ್ಸ್‌ಟ್ರಾ ಬಾಣ ಸಮೇತ! 1760ರಲ್ಲಿ ಒಬ್ಬ ಪಾದ್ರಿ ಇದು ಡೇನರ ಕಟ್ಟುಕಥೆ ಅಂತ ಪುಸ್ತಕ ಬರೆದ್ರೆ 'ಊರಿ' ಅನ್ನೋ ಕ್ಯಾಂಟನ್ನಿನೋರು (ಕ್ಯಾಂಟನ್ ಅಂದ್ರೆ ನಮ್ಮ ರಾಜ್ಯದ ಥರ) ಅದನ್ನ ಸುಟ್ಟೇ ಬಿಟ್ರು. 1804ರಲ್ಲಿ ನಾಟಕ ಬರೆದು ಟೆಲ್‌ನ ಜಗತ್ತಿಗೆಲ್ಲ ಪರಿಚಯ ಮಾಡಿಸಿದ ಶಿಲ್ಲರ್ ಇದ್ನಲ್ಲ, ಜರ್ಮನಿಯೋನು, ಆಸಾಮಿ ಈ ದೇಶಕ್ಕೆ ಕಾಲೇ ಇಟ್ಟಿರ್ಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಆ ಹುಡುಗನ ಮೇಲೆ ಕೋಪ ಬಂತು ಕಣೋ. ಅವನ ದೇಶ, ಅವನ ಟೆಲ್, ನಾನ್ಯಾಕೆ ಉರ್ಕೋಬೇಕು? ಆದ್ರೂ ಬಿಡ್ಲಿಲ್ಲ. ಗೋಷೆನೆನ್ ಹತ್ರದ ಸೈತಾನನ ಕಲ್ಲು ನೋಡಿದೀಯಾ ಅಂತ ಶುರು ಮಾಡ್ದೆ. ಶೋಲೆನೆನ್ ಕಣಿವೆಗೆ ಸೇತುವೆ ಕಟ್ಟೋಕಾಗ್ದೆ ಊರಿ ಜನ ಸೈತಾನನ ಜೊತೆ ಒಪ್ಪಂದ ಮಾಡ್ಕೊಂಡ್ರಂತೆ, ಮೊದಲು ದಾಟಿದ ಜೀವ ಅವನಿಗೆ ಅಂತ, ಕೊನೆಗೆ ಮೇಕೆ ಅಟ್ಟಿ ಟೋಪಿ ಹಾಕಿದ್ರಂತೆ, ಅವ್ನು ಸಿಟ್ಟಿಗೆ ಸೇತುವೆ ಒಡೆಯೋಕೆ ಹೊತ್ಕೊಂಡು ಬಂದ ಬಂಡೆ ಅದು. 1970ರ ದಶಕದಲ್ಲಿ ಹೆದ್ದಾರಿಗೆ ಅಡ್ಡ ಬಂತು. ಸಿಡಿಸಿ ಎಸೀಬೋದಿತ್ತು. 220 ಟನ್ ಬಂಡೇನ ಲಕ್ಷಗಟ್ಟಲೆ ಫ್ರಾಂಕ್ ಸುರಿದು 127 ಮೀಟರ್ ಆಚೆ ಜರುಗಿಸಿ ಇಟ್ರು. ಸೈತಾನ ಇದ್ದ ಅಂತ ನಂಬಿಯಾ ಅಷ್ಟು ಖರ್ಚು ಮಾಡಿದ್ದು ಅಂತ ಕೇಳ್ದೆ. ಹುಡುಗ ಪಿಳಿಪಿಳಿ ನೋಡ್ದ, ಮೀಟಿಂಗ್ ಇದೆ ಅಂತ ಎದ್ದೋದ.

ವಿಷಯ ಏನಂದ್ರೆ, ಇದನ್ನೆಲ್ಲ ನಾನು ಓದಿದ್ದು ಪ್ರೀತಿಯಿಂದೇನಲ್ಲ. ಪೌರತ್ವಕ್ಕೆ ಅರ್ಜಿ ಹಾಕಿದೀನಿ. ಗೆಮೈಂಡೆ ಅಂತ ಇದೆ, ನಮ್ಮ ಪಂಚಾಯ್ತಿ ಥರ, ಅಲ್ಲಿ ಕೂರಿಸಿ ಪ್ರಶ್ನೆ ಕೇಳ್ತಾರೆ. ಅದಕ್ಕೇ ರಾತ್ರಿ ಕೂತು ಉರು ಹೊಡೀತಿದೀನಿ: ಒಕ್ಕೂಟದ ಸನದು 1291, ಸಂವಿಧಾನ 1848, ಹೆಂಗಸರಿಗೆ ಓಟು 1971. ಇದನ್ನ ಜೋರಾಗಿ ಓದಿದ್ದಕ್ಕೆ ನನ್ನ ಹೆಂಡ್ತಿ ಒಳಗಿಂದಾನೇ "ನಮ್ಮಜ್ಜಿ 1952ರಲ್ಲೇ ಓಟು ಹಾಕಿದ್ರು, ಬರ್ಕೊಳಿ" ಅಂದ್ಲು. ಅಪೆನ್‌ಜೆಲ್ ಇನ್ನರ್‌ರೋಡನ್ ಅನ್ನೋ ಕ್ಯಾಂಟನ್ನಲ್ಲಂತೂ ಹೆಂಗಸರಿಗೆ ಕ್ಯಾಂಟನ್ ಮಟ್ಟದ ಓಟು ಕೊಡ್ಸೋಕೆ 1990ರಲ್ಲಿ ಕೋರ್ಟೇ ಹೇಳ್ಬೇಕಾಯ್ತು, ಅದನ್ನ ಅವಳಿಗೆ ಹೇಳ್ಲಿಲ್ಲ.

ಇಲ್ಲಿನ ಕೆಂಪು ಪಾಸ್‌ಪೋರ್ಟ್ ತಗೊಂಡ್ರೆ ನಮ್ದು ಹೋಗತ್ತೆ, ಎರಡೂ ಇಟ್ಕೊಳೋಕೆ ನಮ್ಮ ಕಾನೂನು ಬಿಡಲ್ಲ. ಬರೀ ಕಾಗದ, ಏರ್‌ಪೋರ್ಟ್ ಕ್ಯೂ ಸುಲಭ ಅಂತ ಎಲ್ರಿಗೂ ಹೇಳ್ಕೊಂಡು ತಿರುಗ್ತಿದ್ದೆ, ನನಗೂ ಅದನ್ನೇ ಹೇಳ್ಕೊಂಡಿದ್ದೆ. ಬರೀ ಕಾಗದ ಆಗಿದ್ರೆ ಆ ಹುಡುಗನ ಮಾತಿಗೆ ನಾನ್ಯಾಕೆ ಮೇಲೆ ಬೀಳ್ಬೇಕಿತ್ತು? ಯಾವಾಗ ಟೆಲ್ ನನ್ನೋನಾದ ಅಂತ ಗೊತ್ತೇ ಆಗಿಲ್ಲ ಗುಂಡ. ಹಾಗೇ ಗೊತ್ತಾಗ್ದೆ ಏನೇನು ಬಿಟ್ಟೋಗಿದೆಯೋ. ಅಮ್ಮಂಗೆ ಇನ್ನೂ ಹೇಳಿಲ್ಲ. ಫೋನಲ್ಲಿ ಪ್ರತಿ ಸಲ ಬಾಯಿ ತುದಿಗೆ ಬರತ್ತೆ, ಅಷ್ಟರಲ್ಲಿ ಅವ್ಳು ಊಟ ಆಯ್ತಾ ಅಂತಾಳೆ, ಆಯ್ತಮ್ಮ ಅಂತೀನಿ.

ಸಾಕು, ಜಾಸ್ತಿ ಆಯ್ತು. ನೀನು ಕಾಮೆಂಟಲ್ಲಿ ಸೇಬಿನ ಜೋಕು ಹಾಕ್ಬೇಡ, ನಿನ್ನ ತಲೆ ಸೈಜಿಗೆ ಹಲಸಿನಹಣ್ಣೇ ಇಡ್ಬೇಕು. ಅಮ್ಮ ಫೇಸ್‌ಬುಕ್ಕಲ್ಲಿಲ್ಲ ಅನ್ನೋ ಧೈರ್ಯದ ಮೇಲೆ ಇಷ್ಟು ಬರ್ದಿದೀನಿ. ಆದ್ರೆ ಚಿಕ್ಕಮ್ಮ ಇದ್ದಾರೆ. ಚಿಕ್ಕಮ್ಮಾ, ನಮಸ್ಕಾರ, ದಯವಿಟ್ಟು ಭಾನುವಾರದ ತನಕ ಟೈಮ್ ಕೊಡಿ.