ಐದಕ್ಕೆ ಆರು

ಮಿಷನರಿ ಸೇವೆ ಮುಗಿಸಿ ಫಿಲಿಪ್ಪೀನ್ಸಿನಿಂದ ಬೆಂಗಳೂರಿಗೆ ಬಂದಿಳಿದು ಮೂರು ವಾರವಾಯಿತು. ಎರಡು ವರ್ಷ ಎದೆಯ ಮೇಲಿದ್ದ ಕಪ್ಪು ಹೆಸರುಫಲಕವನ್ನು ಬಂದ ರಾತ್ರಿಯೇ ತೆಗೆದಿಟ್ಟೆ. ಬಿಳಿ ಅಂಗಿಗಳ ಜೇಬಿನ ಮೇಲೆ ಮಾತ್ರ ಅದರ ಅಚ್ಚು ಇನ್ನೂ ಉಳಿದಿದೆ. ಅಮ್ಮ ಎಷ್ಟು ಇಸ್ತ್ರಿ ಹಾಕಿದರೂ ಹೋಗುತ್ತಿಲ್ಲ. ಮನೆಯಿಂದ ಹೊರಡುವಾಗ, ಅಲ್ಲಿ ಸದಾ ಜೊತೆಯಲ್ಲಿರುತ್ತಿದ್ದ ಜೊತೆಗಾರ ಬಂದನೇ ಎಂದು ಈಗಲೂ ಹಿಂದಕ್ಕೆ ತಿರುಗುತ್ತೇನೆ. ಮೊನ್ನೆ ಹಾಲು ತರಲು ಒಬ್ಬನೇ ಹೊರಟಾಗ ಏನೋ ಕದ್ದು ಓಡುತ್ತಿರುವವನಂತೆ ಅನ್ನಿಸಿತು.

ನೆಂಟರು, ಬೀದಿಯವರು, ಪಿಯುಸಿ ಗೆಳೆಯರು ಎಲ್ಲರೂ ಕೇಳುವುದು ಒಂದೇ: "ಅಲ್ಲಿ ಏನು ಮಾಡಿದೆ?" ಎಣಿಸುತ್ತಾ ಕುಳಿತರೆ ನಾನು ಮಾಡಿದ್ದು ಸ್ವಲ್ಪ, ಮಾಡಿಸಿಕೊಂಡದ್ದು ರಾಶಿ. ಅದನ್ನು ಬರೆದಿಡದಿದ್ದರೆ ನಿದ್ದೆ ಬರುವ ಹಾಗಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಜನ ಮಾರ್ಮನರು ಎಂದು ಕರೆಯುವ ಕ್ರೈಸ್ತ ಸಭೆ ನಮ್ಮದು. ಆ ಹೆಸರನ್ನು ಬಿಟ್ಟು ಪೂರ್ತಿ ಹೆಸರು ಹೇಳಿ ಎಂದು ನಮ್ಮ ಹಿರಿಯರು 2018ರಲ್ಲಿ ತಾಕೀತು ಮಾಡಿದ್ದಾರೆ, ಆದರೆ ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಬಸ್ ಬಂದಿರುತ್ತದೆ. ನಮ್ಮಲ್ಲಿ ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ ಮಿಷನರಿಗಳಾಗಿ ಹೋಗುತ್ತಾರೆ. ಸಂಬಳವಿಲ್ಲ, ಖರ್ಚು ನಮ್ಮದೇ. ಎಲ್ಲಿಗೆ ಎನ್ನುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ನನಗೆ ಬಂದದ್ದು ಫಿಲಿಪ್ಪೀನ್ಸಿನ ಬಿಕೋಲ್ ಸೀಮೆಯ ನಾಗ ಎಂಬ ಊರು. ಮಾಗಡಿ ಕಡೆಯ ಹಳ್ಳಿಯಲ್ಲಿರುವ ನನ್ನ ಅಜ್ಜಿ ನಮ್ಮ ಸಭೆಯವಳಲ್ಲ. ನಾನು ಯಾಕೆ ಹೋಗುತ್ತಿದ್ದೇನೆಂದು ಆಕೆಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಊರಿನ ಹೆಸರು ಕೇಳಿದ್ದೇ ತಡ, ಎರಡೂ ಕೈ ಮುಗಿದು, "ನಾಗಪ್ಪನ ಊರಾದರೆ ಹೋಗಿ ಬಾ, ಅವನು ಕಾಯುತ್ತಾನೆ" ಎಂದಳು. ನಾಗ ಎಂದರೆ ಅಲ್ಲಿನವರಿಗೆ ಒಂದು ಮರ, ನಮ್ಮ ಹೊನ್ನೆ ಮರದ ದಾಯಾದಿ, ಎಂದು ಗೊತ್ತಾದದ್ದು ಹೋದ ಮೇಲೆ. ಅಜ್ಜಿಗೆ ಇನ್ನೂ ಹೇಳಿಲ್ಲ. ಆ ಅಪ್ಪಣೆಗೆ ಮೊದಲ ವಂದನೆ.

ಮನಿಲಾದ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಅಲ್ಲಿನ ಟಗಾಲಾಗ್ ಭಾಷೆ ಕಲಿತು 2023ರ ಏಪ್ರಿಲ್‌ನಲ್ಲಿ ನಾಗ ತಲುಪಿದೆ. ಹತ್ತೊಂಬತ್ತು ವರ್ಷದವನ ಎದೆಯ ಮೇಲೆ 'ಎಲ್ಡರ್' ಎಂಬ ಬರಹ! ಮನೆಯಲ್ಲಿ ಪಾತ್ರೆ ತೊಳೆಯದ ಹುಡುಗ ಅಲ್ಲಿ ಹಿರಿಯ. ಮೊದಲ ಬೀದಿಗೆ ಕಾಲಿಟ್ಟ ದಿನ ನನ್ನ ಜೊತೆಗಾರ, ಇಲೋಇಲೋ ಕಡೆಯ ಫಿಲಿಪಿನೋ ಹುಡುಗ, ಮುಂದೆ. ಬ್ಯಾಗು ನೇತುಹಾಕಿಕೊಂಡ ನಾನು ಹಿಂದೆ. ನಮ್ಮ ಪೆಟ್ಟಿಗೆ ಅಂಗಡಿಯಂಥದ್ದೊಂದು ಅಂಗಡಿ; ಅವರು ಅದನ್ನು ಸಾರಿ-ಸಾರಿ ಎನ್ನುತ್ತಾರೆ. ಕಬ್ಬಿಣದ ಜಾಲರಿ, ಅದರ ತುಂಬ ಶಾಂಪೂ ಪೊಟ್ಟಣದ ಮಾಲೆಗಳು. ಜಾಲರಿಯ ಹಿಂದೆ ಕುಳಿತಿದ್ದ ಹೆಂಗಸು ನನ್ನ ಮುಖ ನೋಡಿದಳು, ಎದ್ದಳು, ಒಳಗೆ ಹೋದಳು. ಅರೆಕ್ಷಣದಲ್ಲಿ ಆರೇಳು ವರ್ಷದ ಹುಡುಗ ಹೊರಬಂದು ಒಂದು ವಾಕ್ಯವನ್ನು ಪಾಠ ಒಪ್ಪಿಸಿದ. ಜೊತೆಗಾರ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ. ಹುಡುಗ ಹೇಳಿದ್ದು ಇಷ್ಟು: "ಅಮ್ಮ ಮನೆಯಲ್ಲಿಲ್ಲ ಎಂದು ಹೇಳಲು ಅಮ್ಮ ಹೇಳಿದ್ದಾಳೆ."

ಫಿಲಿಪ್ಪೀನ್ಸಿನಲ್ಲಿ ಭಾರತದವರೆಂದರೆ 'ಬುಂಬಾಯ್'. ಬೊಂಬಾಯಿಯಿಂದ ಬಂದ ಪದ. ಪಂಜಾಬಿನಿಂದ ಹೋದ ಮಂದಿ ಅಲ್ಲಿ ತಲೆಮಾರುಗಳಿಂದ ಮೋಟಾರ್‌ಸೈಕಲ್ ಮೇಲೆ ಬೀದಿ ಸುತ್ತಿ ಸಣ್ಣ ಅಂಗಡಿಯವರಿಗೆ ಸಾಲ ಕೊಡುತ್ತಾರೆ, ಕಂತಿನ ಮೇಲೆ ಕೊಡೆ, ಸೊಳ್ಳೆಪರದೆ, ಫ್ಯಾನು ಮಾರುತ್ತಾರೆ. ಆ ಸಾಲಕ್ಕೆ ಜನ ಇಟ್ಟ ಹೆಸರು 'ಐದು-ಆರು'. ಐದು ತೆಗೆದುಕೊಂಡರೆ ಆರು ಕೊಡಬೇಕು. ಪತ್ರವಿಲ್ಲ, ಜಾಮೀನಿಲ್ಲ, ಬ್ಯಾಂಕಿನವರು ಹತ್ತಿರ ಸೇರಿಸದ ಬಡವರಿಗೆ ಮರುಮಾತಿಲ್ಲದೆ ಸಿಗುವ ಹಣ. ಬಡ್ಡಿಯೂ ಹಾಗೆಯೇ ಮರುಮಾತಿಲ್ಲದೆ ಏರುತ್ತದೆ. ಹಟ ಮಾಡುವ ಮಕ್ಕಳಿಗೆ "ಬುಂಬಾಯ್ ಬಂದು ಮೂಟೆ ಕಟ್ಟಿಕೊಂಡು ಹೋಗುತ್ತಾನೆ" ಎಂದು ಹೆದರಿಸುವುದೂ ಉಂಟು. ಕೈಯಲ್ಲಿ ಪುಸ್ತಕ ಹಿಡಿದ ಭಾರತದ ಮುಖ ಬಾಗಿಲಿಗೆ ಬಂದರೆ ಅದು ದೇವರ ವಾಕ್ಯದ ಪುಸ್ತಕ ಎಂದು ಯಾರಾದರೂ ಯಾಕೆ ಅಂದುಕೊಳ್ಳಬೇಕು?

ಜೊತೆಗಾರ ನಕ್ಕಷ್ಟು ನನಗೆ ನಗಲಾಗಲಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಕಾಮಾಕ್ಷಿಪಾಳ್ಯದ ಗ್ಯಾರೇಜಿಗಾಗಿ ಮೀಟರ್ ಬಡ್ಡಿಗೆ ಸಾಲ ತಂದಿದ್ದರು. ಶನಿವಾರ ಸಂಜೆ ಬಾಗಿಲು ಬಡಿದ ಸದ್ದಾದರೆ ಹೊರಗೆ ಬರುತ್ತಿದ್ದವನು ನಾನು. "ಅಪ್ಪ ಮನೆಯಲ್ಲಿಲ್ಲ" ಎಂದು ಒಪ್ಪಿಸಿ, ಅಪ್ಪ ಬಚ್ಚಲಲ್ಲಿ ಉಸಿರು ಹಿಡಿದು ನಿಂತಿರುವುದನ್ನು ಮುಖದಲ್ಲಿ ತೋರಿಸದೆ ನಿಲ್ಲುತ್ತಿದ್ದೆ. ಅದೇ ಹುಡುಗನ ಮುಂದೆ ಈಗ ನಾನು ವಸೂಲಿಗೆ ಬಂದವನಾಗಿ ನಿಂತಿದ್ದೆ.

ಅಂಗಡಿಯ ಆ ಹೆಂಗಸನ್ನು ಮುಂದೆ ನಾವು ಮನಾಯ್ ಎಂದೇ ಕರೆದೆವು, ಬಿಕೋಲ್ ಮಾತಿನಲ್ಲಿ ಅಕ್ಕ ಎಂದು. ಜಾಲರಿಯಾಚೆಯಿಂದ ಒಂದು ಮುಗುಳ್ನಗು ಬರಲು ಎರಡು ವಾರ ಹಿಡಿಯಿತು. ನಮ್ಮ ಪಾಠ ಆಕೆ ಒಂದೂ ಕೇಳಲಿಲ್ಲ. "ನಾನು ಕ್ಯಾಥೊಲಿಕ್ ಆಗಿ ಹುಟ್ಟಿದೆ, ಹಾಗೆಯೇ ಸಾಯುತ್ತೇನೆ, ಬಾಳೆಹಣ್ಣು ತಿನ್ನುತ್ತೀರಾ?" ಎಂದು ಒಂದೇ ಉಸಿರಿನಲ್ಲಿ ಹೇಳಿದ್ದಳು. ಬಾಳೆಹಣ್ಣು ತಿಂದೆವು. ಮನಾಯ್, ಆ ಬೀದಿಯಲ್ಲಿ ಎಷ್ಟೋ ಬಾಗಿಲು ತೆರೆದದ್ದು ನಿನ್ನಿಂದ. "ಇವನು ಸಾಲದ ಬುಂಬಾಯ್ ಅಲ್ಲ, ದೇವರ ಬುಂಬಾಯ್" ಎಂದು ಕೂಗಿ ಹೇಳಿದವಳು ನೀನು. ನಮ್ಮ ಎಷ್ಟೋ ಪ್ರಾರ್ಥನೆಗಿಂತ ಆ ಕೂಗು ಹೆಚ್ಚು ಕೆಲಸ ಮಾಡಿತು.

ದಿನಚರಿಯ ವಿವರ ಬೇಡ. ಬೆಳಿಗ್ಗೆ ಆರೂವರೆಗೆ ಏಳುವುದು, ಓದುವುದು, ರಾತ್ರಿಯವರೆಗೆ ನಡೆಯುವುದು, ಸೋಮವಾರ ಬಟ್ಟೆ ಒಗೆದು ಮನೆಗೆ ಕರೆ ಮಾಡುವುದು. 2019ಕ್ಕೆ ಮುಂಚೆ ಹೋದವರಿಗೆ ಮನೆಯವರ ದನಿ ಕೇಳಲು ವರ್ಷಕ್ಕೆ ಎರಡೇ ಅವಕಾಶವಿತ್ತು, ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. ನನಗೆ ಪ್ರತಿ ಸೋಮವಾರ ಅಮ್ಮನ ಮುಖ ಸಿಕ್ಕಿತು. ಹಾಗಿದ್ದೂ ಮೊದಲ ಮೂರು ತಿಂಗಳು ಅತ್ತೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ. ಎರಡನೆಯ ಊರು ಇಸರೋಗ್ ಬೆಟ್ಟದ ತಪ್ಪಲಿನದು. ಅಲ್ಲಿ ಟಗಾಲಾಗ್ ಅರ್ಧ ನಡೆಯುತ್ತದೆ, ಉಳಿದರ್ಧ ಬಿಕೋಲ್. ಒಂದು ಸಂಜೆ ಮಳೆಗೆ ಸಿಕ್ಕಿ ಒಂದು ಕಟ್ಟೆಯ ಸೂರಿನ ಕೆಳಗೆ ನಿಂತಿದ್ದೆವು. ಪಕ್ಕದಲ್ಲಿ ಒಬ್ಬ ಅಜ್ಜ. ಗೋಡೆಗೆ ಒರಗಿಸಿದ ಒಂದು ಕೊಡೆ, ಹಿಡಿಗೆ ಹಸಿರು ಪ್ಲಾಸ್ಟಿಕ್ ದಾರ ಸುತ್ತಿದ್ದದ್ದು. ಇದು ನಿಮ್ಮದೇ ಎಂದು ಟಗಾಲಾಗ್‌ನಲ್ಲಿ ಕೇಳಿದೆ. ಅಜ್ಜ "ಇಯೋ" ಎಂದರು. ಟಗಾಲಾಗ್‌ನಲ್ಲಿ 'ಇಯೋ' ಎಂದರೆ ನಿನ್ನದು. ಎಂಥ ದೊಡ್ಡ ಮನಸ್ಸು ಎಂದುಕೊಂಡು ಎರಡು ಬಾರಿ ಬಾಗಿ, ಕೊಡೆ ಬಿಚ್ಚಿ, ಜೊತೆಗಾರನನ್ನೂ ಅದರೊಳಗೆ ಸೇರಿಸಿಕೊಂಡು ಹೊರಟುಬಿಟ್ಟೆ. ಬಿಕೋಲ್‌ನಲ್ಲಿ 'ಇಯೋ' ಎಂದರೆ 'ಹೌದು' ಎಂದು ಗೊತ್ತಾದದ್ದು ಎರಡು ದಿನದ ಮೇಲೆ. ಅಷ್ಟರಲ್ಲಿ ಬುಂಬಾಯ್ ಒಬ್ಬ ಕೊಡೆ ಮಾರುವ ಬದಲು ಕೊಡೆ ಎತ್ತಿಕೊಂಡು ಹೋದ ಕಥೆ ಊರೆಲ್ಲ ಹಬ್ಬಿತ್ತು.

ವಿಳಾಸ ಹುಡುಕಿಕೊಂಡು ಹೋಗಿ ತಲೆತಗ್ಗಿಸಿ ಕೊಟ್ಟೆ. ಅಜ್ಜ ಅಂದು ನೆನೆಯುತ್ತಲೇ ಮನೆಗೆ ನಡೆದಿದ್ದರಂತೆ. ಯಾಕೆ ಕೂಗಲಿಲ್ಲ ಎಂದರೆ, "ನೀನು ಅಷ್ಟು ಸಂತೋಷಪಟ್ಟೆ, ಹೇಗೆ ಕೂಗಲಿ?" ಎಂದರು. ಅಜ್ಜಾ, ಆ ದಿನ ನಿಮಗೆ ಹೇಳಲು ಸರಿಯಾದ ಮಾತೂ ನನಗೆ ಬರುತ್ತಿರಲಿಲ್ಲ. 'ದಿಯೋಸ್ ಮಾಬಾಲೋಸ್' ಎನ್ನಬೇಕೆಂದು ನಿಮ್ಮ ಮೊಮ್ಮಗಳು ಹೇಳಿಕೊಟ್ಟಳು. ಬಿಕೋಲ್‌ನಲ್ಲಿ ಕೃತಜ್ಞತೆಯ ಮಾತು ಅದೇ: ದೇವರು ಹಿಂದಿರುಗಿಸಲಿ. ನನ್ನಿಂದ ತೀರಿಸಲಾಗದು, ಅವನ ಖಾತೆಗೆ ಹಾಕಿಕೊಳ್ಳಿ ಎಂದಂತೆ.

ಊಟದ ಋಣ ಬರೆಯಲು ಹೊರಟರೆ ಮುಗಿಯದು. ಬಿಕೋಲಿನವರು ತೆಂಗಿನ ಹಾಲು ಮತ್ತು ಮೆಣಸಿನಕಾಯಿಯ ಜನ. ಉಳಿದ ಫಿಲಿಪಿನೋಗಳೇ ಅವರ ಖಾರಕ್ಕೆ ಹೆದರುತ್ತಾರೆ. ಒಣಗಿಸಿದ ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ 'ಲಾಯಿಂಗ್' ಮೊದಲ ತುತ್ತಿಗೇ ನನ್ನನ್ನು ಸಾಗರದ ಇನ್ನೊಬ್ಬ ಅಜ್ಜಿಯ ಮನೆಗೆ ಕೊಂಡೊಯ್ದಿತು. ಪತ್ರೊಡೆಯ ತುರಿಕೆ ಹೋಗಲು ನಾವು ಹುಣಸೆ ಹಾಕುತ್ತೇವೆ. ಅಲ್ಲಿನವರು ಎಲೆ ಬೇಯುವವರೆಗೆ ಸೌಟು ತಾಗಿಸಬಾರದು, ತಾಗಿಸಿದರೆ ಗಂಟಲು ತುರಿಸುತ್ತದೆ ಎನ್ನುತ್ತಾರೆ. ಅಮ್ಮ ಇದನ್ನು ಕೇಳಿ, "ಹುಣಸೆ ಹಾಕಿ ಎಂದು ಹೇಳು" ಎಂದಳು. ಹೇಳಲಿಲ್ಲ. ಉಪದೇಶಕ್ಕೆ ಹೋದವನು ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು ಎನ್ನುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಕಾಫಿ, ಚಹಾ ನಮಗೆ ಇಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಅವರಿಗೂ ಇಲ್ಲ. ಕೊನೆಗೆ ನಮಗಾಗಿ ಮೈಲೋ ಎಂಬ ಚಾಕೊಲೇಟ್ ಪೇಯದ ಪುಡಿಯ ಪೊಟ್ಟಣ ತಂದಿಟ್ಟುಕೊಂಡ ಮನೆಗಳೆಷ್ಟೋ! ನಮ್ಮ ಮಾತು ಒಪ್ಪದಿದ್ದರೂ ನಮ್ಮ ಪಥ್ಯ ಒಪ್ಪಿದವರಿಗೆಲ್ಲ ನಮಸ್ಕಾರ.

ಅಮೆರಿಕದ ಐಡಾಹೋ ಸೀಮೆಯಿಂದ ಬಂದಿದ್ದ ಜೊತೆಗಾರನೇ, ಇದನ್ನು ಯಾರಾದರೂ ನಿನಗೆ ಓದಿ ಹೇಳಲಿ. ಬಚ್ಚಲಿನಲ್ಲಿ ಬಕೆಟ್ಟು, ಚೊಂಬು ನೋಡಿ ಕಂಗಾಲಾಗಿದ್ದ ನಿನಗೆ ಪಾಠ ಹೇಳಿದ್ದು ನಾನೇ ಇರಬಹುದು. ಆದರೆ ನನಗೆ ಡೆಂಗಿ ಬಂದು ಆರು ದಿನ ಆಸ್ಪತ್ರೆಯಲ್ಲಿ ಬಿದ್ದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲು ಮಡಚಿ ರಾತ್ರಿ ಕಳೆದವನು ನೀನು. ಬೆಂಗಳೂರಿನಿಂದ ಅಮ್ಮ ಪರಂಗಿ ಎಲೆಯ ರಸ ಕೊಡಿ ಎನ್ನುತ್ತಿದ್ದಳು. ಪಕ್ಕದ ಮಂಚದ ಅಜ್ಜಿ ತಾವಾ-ತಾವಾ ಎಂಬ ಗಿಡದ ಕಷಾಯ ಹಿಡಿದು ನಿಂತಿದ್ದಳು. ನರ್ಸಮ್ಮ ಇಬ್ಬರನ್ನೂ ಗದರಿ ಸಲೈನ್ ಏರಿಸಿದಳು. ಮೂವರಿಗೂ ಕೃತಜ್ಞ.

ಕೊನೆಯ ಆರು ತಿಂಗಳಿಗೆ ಮತ್ತೆ ನಾಗದ ಮೊದಲ ಬೀದಿಗೇ ಬಂದೆ. 2024ರ ಸೆಪ್ಟೆಂಬರ್. ಪೆನ್ಯಾಫ್ರಾನ್ಸಿಯಾ ಮೇರಿ ಮಾತೆಗೆ ಕಿರೀಟ ತೊಡಿಸಿ ನೂರು ವರ್ಷ ತುಂಬಿದ ಹಬ್ಬ. ಜನ ಆಕೆಯನ್ನು 'ಇನಾ' ಎನ್ನುತ್ತಾರೆ, ಅಮ್ಮ. ನದಿಯ ಮೇಲೆ ತೆಪ್ಪದಲ್ಲಿ ಮೂರ್ತಿ, ಅದನ್ನು ಎಳೆಯುವ ಸಾವಿರಾರು ಗಂಡಸರು, ದಡದಲ್ಲಿ ಮೇಣದ ಬತ್ತಿ. ನಮ್ಮ ಸಭೆಯಲ್ಲಿ ಮೂರ್ತಿಯಿಲ್ಲ. ಆದರೂ ಮಹಡಿಯ ಮೇಲೆ ನಿಂತು ನೋಡುವಾಗ ತೆಪ್ಪೋತ್ಸವಕ್ಕೆ ಅಜ್ಜಿಯ ಹೆಗಲೇರಿ ಹೋಗುತ್ತಿದ್ದ ಹುಡುಗ ನನ್ನೊಳಗೆ ಎದ್ದು ನಿಂತ. ಅವನನ್ನು ಕೂರು ಎನ್ನಲು ನನಗೆ ಮನಸ್ಸಾಗಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅದೇ ನದಿ ಬೀದಿಗೆ ಬಂತು. ಅಕ್ಟೋಬರ್ 22. ಕ್ರಿಸ್ಟೀನ್ ಎಂದು ಅಲ್ಲಿನವರು ಕರೆದ ಚಂಡಮಾರುತ ನೆಲಕ್ಕೆ ತಾಗಿದ್ದು ದೂರದ ಉತ್ತರ ಲುಜೋನಿನಲ್ಲಿ. ಮಳೆ ಸುರಿದದ್ದು ಬಿಕೋಲಿನ ಮೇಲೆ. ಗಾಳಿಗೆ ಕಿಟಕಿ ಕಟ್ಟಿಕೊಂಡು ಕುಳಿತವರ ಬಾಗಿಲಿಗೆ ನೀರು ಬಂತು. ರಾತ್ರಿ ನಮ್ಮ ನೆಲ ಅಂತಸ್ತು ಮುಳುಗಿತು. ಮೇಲಿನ ಕೋಣೆಯಲ್ಲಿ ನಾವು ನಾಲ್ವರು, ಮನೆ ಮಾಲಕಿ, ಆಕೆಯ ಎರಡು ನಾಯಿ, ಯಾರದೋ ಒಂದು ಹುಂಜ. ಎರಡು ದಿನ ಕರೆಂಟಿಲ್ಲ, ಸಿಗ್ನಲ್ಲಿಲ್ಲ. ಆ ಎರಡು ದಿನ ಅಮ್ಮ ಊಟ ಮಾಡಲಿಲ್ಲವೆಂದು ಅಪ್ಪ ಈಗ ಹೇಳುತ್ತಿದ್ದಾರೆ.

ಎದೆಮಟ್ಟದ ಕಂದು ನೀರಿನಲ್ಲಿ ತಲೆಯ ಮೇಲೆ ಪ್ಲಾಸ್ಟಿಕ್ ಟಬ್ಬು ಹೊತ್ತು ಎರಡನೆಯ ದಿನ ಬೆಳಿಗ್ಗೆ ಬಂದವರು ಯಾರು ಅಂದುಕೊಂಡಿರಿ? ಮನಾಯ್‌ಳ ಗಂಡ. ಟಬ್ಬಿನಲ್ಲಿ ನೂಡಲ್ಸ್ ಪೊಟ್ಟಣ, ನೀರಿನ ಬಾಟಲಿ, ಒಂದು ಮೈಲೋ ಮಾಲೆ. ಅಂಗಡಿ ಪೂರ್ತಿ ಮುಳುಗಿತ್ತು. ಮೇಲಿನ ಹಲಗೆಯಲ್ಲಿ ಉಳಿದದ್ದನ್ನು ಹಂಚುತ್ತಾ ಬಂದಿದ್ದರು.

ನೀರಿಳಿದ ಮೇಲೆ ಒಂದು ವಾರ ಸುವಾರ್ತೆಯೂ ಇಲ್ಲ, ಟೈಯೂ ಇಲ್ಲ. ಹಳದಿ ಅಂಗಿ ತೊಟ್ಟು ಕೆಸರು ಬಾಚಿದೆವು. ಮನಾಯ್ ಮಾತ್ರ ಕೆಸರಿನ ಕಡೆ ನೋಡಲೇ ಇಲ್ಲ. ಗೋಣಿಚೀಲದ ಮೇಲೆ ಕುಳಿತು, ಉದ್ದರಿ ಲೆಕ್ಕದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದಳು. ಶಾಯಿ ಕಲಸಿ ಅರ್ಧ ಹೆಸರು ಮಾಯವಾಗಿದ್ದವು. ಬೀದಿಯವರು ತಾವೇ ಬಂದು ತಮ್ಮ ಬಾಕಿ ಎಷ್ಟೆಂದು ಹೇಳಿ ಬರೆಸಿದರು. "ಎಲ್ಲರೂ ಹತ್ತು ಹತ್ತು ಕಡಿಮೆ ಹೇಳುತ್ತಿದ್ದಾರೆ, ಇರಲಿ" ಎಂದು ನಕ್ಕಳು.

ಎಷ್ಟು ಜನರಿಗೆ ದೀಕ್ಷಾಸ್ನಾನವಾಯಿತು ಎಂದು ಸಭೆಯ ಕೆಲವರು ಕೇಳುತ್ತಾರೆ. ಒಂದು ಕೈಯ ಬೆರಳು ಸಾಕು. ಆ ಬೆರಳುಗಳಷ್ಟು ಮಂದಿಗೆ ನನ್ನ ಪ್ರೀತಿ ಗೊತ್ತು, ಅವರಿಗೆ ಬೇರೆ ಪತ್ರ ಬರೆದಿದ್ದೇನೆ. ಈ ಬರಹ ಹೆಚ್ಚಾಗಿ 'ಬೇಡಪ್ಪ' ಎಂದವರಿಗೆ. ಬೇಡ ಎಂದು ಹೇಳಿಯೂ ಕುರ್ಚಿ ಎಳೆದು ಹಾಕಿದವರಿಗೆ.

ಇನ್ನು ಮನೆ ಕಡೆಯವರು. ನನ್ನ ಖರ್ಚಿಗೆ ನಾನು ಮೊಬೈಲ್ ಅಂಗಡಿಯಲ್ಲಿ ಒಂದು ವರ್ಷ ದುಡಿದದ್ದು ಸಾಲಲಿಲ್ಲ. ಅಪ್ಪ ಗ್ಯಾರೇಜಿನಲ್ಲಿ ಭಾನುವಾರ ಬಿಟ್ಟು ಎಲ್ಲ ರಾತ್ರಿ ಹತ್ತರವರೆಗೆ ನಿಂತರು, ಉಳಿದದ್ದನ್ನು ನಮ್ಮ ವಾರ್ಡಿನವರು ತುಂಬಿದರು. (ವಾರ್ಡ್ ಎಂದರೆ ನಮ್ಮ ಸಭೆಯ ಮಂದಿ. ಪಾಲಿಕೆಯ ವಾರ್ಡಿನವರು ಯಾರಿಗೂ ಏನೂ ತುಂಬಿಲ್ಲ.) ಕೊಟ್ಟವರು ಯಾರು, ಎಷ್ಟು ಎಂದು ನನಗೆ ಯಾರೂ ಹೇಳುವುದಿಲ್ಲವಂತೆ. ಭಾನುವಾರ ಸಾಲಿನಲ್ಲಿ ಕುಳಿತವರೆಲ್ಲರ ಮುಖ ನೋಡಿ ಎಲ್ಲರಿಗೂ ಕೈ ಮುಗಿಯುತ್ತಿದ್ದೇನೆ.

ನಿನ್ನೆ ಸಂಜೆ ಮೊಬೈಲಿಗೆ ಒಂದು ಚಿತ್ರ ಬಂತು. ನೀರಿನ ಕಲೆಯಿರುವ ಹಾಳೆ. ಮೇಲೆ ಹತ್ತಾರು ಹೆಸರುಗಳ ಮೇಲೆ ಗೆರೆ ಎಳೆದಿದೆ. ಕೊನೆಯಲ್ಲಿ ಗೆರೆಯಿಲ್ಲದ ಒಂದೇ ಹೆಸರು, ನನ್ನದು: 45 ಪೆಸೊ. ಹೊರಡುವ ದಿನ ಗಡಿಬಿಡಿಯಲ್ಲಿ ತೆಗೆದುಕೊಂಡ ಬಿಸ್ಕತ್ತು, ಸಾಬೂನು. ಎದೆ ಧಸಕ್ಕೆಂದಿತು. ಹೇಗಾದರೂ ಕಳಿಸುತ್ತೇನೆ, ಯಾರ ಕೈಲಿ ಕಳಿಸಲಿ ಎಂದು ಬರೆದೆ. ಮನಾಯ್‌ಳ ಉತ್ತರ ಕೂಡಲೇ ಬಂತು: "ಕಳಿಸಬೇಡ. ಈಗ 54 ಆಗಿದೆ, ಐದಕ್ಕೆ ಆರು. ಬಂದು ಕೊಡು."