ಹಳೆಯ ಕೋವಿ ಕೊಂಡ ವಿಚಾರ

ಸೀಡರ್ ರ‍್ಯಾಪಿಡ್ಸ್, ಅಯೋವಾ
12 ಅಕ್ಟೋಬರ್ 2025

ತೀರ್ಥರೂಪರಾದ ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮವಾಗಿದ್ದೇವೆ. ನಾನು ಕೋವಿ ಕೊಂಡ ಸುದ್ದಿ ತಂಗಿಯ ಬಾಯಿಂದ ನಿಮಗೆ ಮುಟ್ಟಿತೆಂದೂ, ಅಮ್ಮನಿಗೆ ಅದು ಸ್ವಲ್ಪವೂ ಹಿಡಿಸಿಲ್ಲವೆಂದೂ ತಿಳಿಯಿತು. ಯಾವ ಕೋವಿ, ಹೊಸದು ಬಿಟ್ಟು ಹಳೆಯದನ್ನೇಕೆ ಕೊಂಡೆ, ಅದಕ್ಕೆ ಏನೇನು ಮಾಡಿಸಿದೆ ಎಂದು ನೀವು ಕೇಳಿದ್ದಿರಿ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ನುಂಗಿಹೋಗುತ್ತದೆಂದು ಕಾಗದದಲ್ಲೇ ಬರೆಯುತ್ತಿದ್ದೇನೆ.

ಕೊಂಡದ್ದು ರೆಮಿಂಗ್ಟನ್ 870 ವಿಂಗ್‌ಮಾಸ್ಟರ್, ನಮ್ಮ ಮನೆಯದರಂತೆಯೇ 12 ಬೋರಿನದು. ನಳಿಗೆ ಒಂದೇ ಆದರೂ ಅದರ ಕೆಳಗೆ ತೋಟೆ ತುಂಬುವ ಕೊಳವೆಯೊಂದಿದ್ದು, ಅದರಲ್ಲಿ ನಾಲ್ಕು ತೋಟೆ ಹಿಡಿಯುತ್ತವೆ. ಮುಂದಿನ ಮರದ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟೆ ಪಕ್ಕಕ್ಕೆ ಚಿಮ್ಮುತ್ತದೆ, ಮುಂದಕ್ಕೆ ತಳ್ಳಿದರೆ ಹೊಸ ತೋಟೆ ನಳಿಗೆಗೆ ಏರಿ ಬೀಗ ಬೀಳುತ್ತದೆ. ಈ ಮಾದರಿ 1950ರಲ್ಲಿ ಬಂದದ್ದು. 2009ರ ಹೊತ್ತಿಗೆ ಒಂದು ಕೋಟಿ ಕೋವಿಗಳು ತಯಾರಾಗಿದ್ದವು. ಇವನ್ನು ಮಾಡುತ್ತಿದ್ದ ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಊರಿನ ಕಾರ್ಖಾನೆ, ಇನ್ನೂರು ವರ್ಷದ ಹತ್ತಿರ ಬಾಳಿದ್ದು, 2024ರಲ್ಲಿ ಮುಚ್ಚಿತು.

ಇಲ್ಲಿ ಕೋವಿ ಏಕೆ ಬೇಕಾಯಿತೆಂದರೆ, ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆಯವರು ಜೋಳ, ಸೋಯಾ ಬೆಳೆಯುವ ರೈತರು. ಕೊಯ್ಲು ಮುಗಿದ ಮೇಲೆ ಅವರ ಹೊಲದ ಅಂಚಿನ ಹುಲ್ಲಿನಲ್ಲಿ ಫೆಸೆಂಟ್ ಎಂಬ ಹಕ್ಕಿ ಹೊಡೆಯಲು ಬರುವಂತೆ ಅವರು ಹಿಂದಿನಿಂದಲೂ ಕರೆಯುತ್ತಿದ್ದರು. ನಮ್ಮ ಕಾಡುಕೋಳಿಗಿಂತ ದೊಡ್ಡದು, ಹುಂಜಕ್ಕೆ ಉದ್ದ ಬಾಲ, ಕತ್ತಿನ ಸುತ್ತ ಬಿಳಿ ಪಟ್ಟಿ. ಇದು ಈ ನೆಲದ ಹಕ್ಕಿಯೇ ಅಲ್ಲ, ಚೀನಾದಿಂದ ತಂದದ್ದು. ಇದೇ ರಾಜ್ಯದ ಸೀಡರ್ ಫಾಲ್ಸ್ ಎಂಬಲ್ಲಿ 1900ರ ಸುಮಾರಿಗೆ ಒಬ್ಬರು ಸಾಕಿದ್ದ ಹಕ್ಕಿಗಳ ಬೇಲಿಯನ್ನು ಬಿರುಗಾಳಿ ಕಿತ್ತು ಹಾಕಿ, ಸುಮಾರು ಎರಡು ಸಾವಿರ ಹಕ್ಕಿಗಳು ಹೊರಬಿದ್ದು ಹಬ್ಬಿದವೆಂದು ಇಲ್ಲಿಯವರು ಹೇಳುತ್ತಾರೆ. ಹುಂಜವನ್ನು ಮಾತ್ರ ಹೊಡೆಯಬಹುದು, ಹೇಂಟೆಯನ್ನು ಮುಟ್ಟುವಂತಿಲ್ಲ. ದಿನಕ್ಕೆ ಮೂರೇ ಹುಂಜ. ಬೆಳಿಗ್ಗೆ 8ರಿಂದ ಸಂಜೆ 4:30ರವರೆಗೆ ಮಾತ್ರ ಅವಕಾಶ. ಕಾಲ ಶುರುವಾಗುವುದು ಅಕ್ಟೋಬರಿನ ಕೊನೆಯ ಶನಿವಾರ, ಅಂದರೆ ಈ ಸಲ 25ನೇ ತಾರೀಕು. ನಮ್ಮಲ್ಲಿ 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತು ಮುಗಿಯಿತು, ಅದು ಸರಿಯೂ ಹೌದು. ಇಲ್ಲಿ ಬೇಟೆಗಾರರು ಕಟ್ಟುವ ಲೈಸೆನ್ಸಿನ ಹಣ ಹಕ್ಕಿಗಳ ನೆಲೆ ಉಳಿಸುವುದಕ್ಕೂ ಹೋಗುವುದರಿಂದ ಲೆಕ್ಕಾಚಾರ ಬೇರೆಯಾಗಿದೆ. ಲೈಸೆನ್ಸಿಗೆ ಮೊದಲು ಸುರಕ್ಷತೆಯ ತರಗತಿಗೆ ಕೂತು ಪರೀಕ್ಷೆ ಬರೆಯಬೇಕು. ಅದನ್ನೂ ಮುಗಿಸಿದ್ದೇನೆ.

ಕಾನೂನಿನ ವಿಚಾರದಲ್ಲಿ ಅಮ್ಮನಿಗೆ ಅನುಮಾನವಿರುವುದು ಸಹಜ. ಕೆಲಸದ ವೀಸಾದ ಮೇಲೆ ಇರುವವರು ಇಲ್ಲಿ ಕೋವಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟಾದರೂ ನಾನು ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಆ ಗೋಜಿಗೆ ಹೋಗಲಿಲ್ಲ. ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಿ ಸಹಿ ಹಾಕಬೇಕು. ಅಪರಾಧ, ಮಾದಕವಸ್ತು, ವಾಸದ ಸ್ಥಿತಿ ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ, ಸುಳ್ಳು ಬರೆದರೆ ಜೈಲು. ಅಂಗಡಿಯವರು ಅದನ್ನು ಎಫ್‌ಬಿಐಯ ದಾಖಲೆಗಳೊಂದಿಗೆ ತಾಳೆ ನೋಡಿಸಿ, ಒಪ್ಪಿಗೆ ಬಂದ ಮೇಲೆಯೇ ಕೋವಿಯನ್ನು ಕೈಗೆ ಕೊಡುತ್ತಾರೆ. ಬೆಳೆ ರಕ್ಷಣೆಯ ಲೈಸೆನ್ಸಿಗಾಗಿ ನೀವು ಡಿಸಿ ಕಚೇರಿಗೂ ಠಾಣೆಗೂ ಅಲೆದದ್ದನ್ನು, ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಹೊತ್ತು ಕೊಟ್ಟು ಬಂದ ರಾತ್ರಿಯೇ ಹಂದಿ ತೋಟಕ್ಕೆ ಇಳಿಯುತ್ತಿದ್ದುದನ್ನು ನೆನೆದರೆ ಇದು ಬಹಳ ಸಲೀಸು. ಇಷ್ಟು ಸಲೀಸಾಗಿರಬೇಕೇ ಎಂದು ನೀವು ಕೇಳಿದರೆ, ಬೇಡವೆಂದೇ ನನ್ನ ಅಭಿಪ್ರಾಯ. ಈ ದೇಶದ ಸುದ್ದಿಗಳನ್ನು ನೀವೂ ಓದುತ್ತೀರಿ.

ಇನ್ನು ಹಳೆಯದನ್ನೇ ಏಕೆ ಆರಿಸಿದೆ ಎಂಬುದಕ್ಕೆ ಬರುತ್ತೇನೆ. 1987ರಿಂದ ಇದೇ ಕೋವಿಯ ಅಗ್ಗದ ರೂಪವೊಂದು ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಬಂತು. ಒಳಗಿನ ಕೆಲಸ ಒಂದೇ ಆದರೂ ಉಕ್ಕಿಗೆ ಪಾಲಿಶ್ ಕೊಡದೆ ಒರಟಾಗಿ ಬಿಟ್ಟದ್ದರಿಂದ ಅದರ ಮೇಲೆ ತೇವ ನಿಂತು ಬೇಗ ತುಕ್ಕು ಹಿಡಿಯುತ್ತದೆ. ಹಳೆಯ ವಿಂಗ್‌ಮಾಸ್ಟರಿನಲ್ಲಾದರೋ ನುಣುಪಾದ ನೀಲಿ ಪಾಲಿಶ್, ವಾಲ್ನಟ್ ಮರ, ಗಟ್ಟಿ ಉಕ್ಕನ್ನು ಕಡೆದು ಮಾಡಿದ ನಡುಭಾಗ ಇವೆ. ದಶಕಗಟ್ಟಲೆ ಉಜ್ಜಿ ಉಜ್ಜಿ ಮುಂದಿನ ಹಿಡಿ ಎಷ್ಟು ನಯವಾಗಿದೆಯೆಂದರೆ ಕೋವಿಯನ್ನು ಸ್ವಲ್ಪ ಮೇಲಕ್ಕೆತ್ತಿದರೆ ಅದು ತಾನಾಗಿಯೇ ಹಿಂದಕ್ಕೆ ಜಾರುತ್ತದೆ. ನಾನು ಕೊಟ್ಟ ಬೆಲೆ 350 ಡಾಲರ್. ಇದೇ ಗುಣದ ಹೊಸದಕ್ಕೆ ಅದರ ಎರಡರಷ್ಟಕ್ಕೂ ಮಿಕ್ಕಿ ಕೊಡಬೇಕಾಗುತ್ತಿತ್ತು.

ನೋಡುವಾಗ ನೀವು ಕಲಿಸಿದ ಕ್ರಮವನ್ನೇ ಹಿಡಿದೆ. ಖಾಲಿಯಿದೆಯೆಂದು ಅಂಗಡಿಯವರು ಹೇಳಿದ್ದನ್ನು ನಂಬದೆ, ಬೆರಳು ಹಾಕಿ ನಳಿಗೆಯನ್ನೂ ಕೊಳವೆಯನ್ನೂ ಮೊದಲು ಪರೀಕ್ಷಿಸಿದೆ. ಆಮೇಲೆ ಕೊಳವೆಯ ತುದಿಯ ಮುಚ್ಚಳ ತಿರುಗಿಸಿ ನಳಿಗೆಯನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಬೆಳಕಿನ ಉಂಗುರಗಳು ತುದಿಯವರೆಗೆ ಮುರಿಯದೆ ಸಾಗಿದ್ದವು. ಎಲ್ಲಿಯೂ ಉಬ್ಬು ತಗ್ಗುಗಳಾಗಲಿ, ತುಕ್ಕು ತಿಂದ ಗುಳಿಗಳಾಗಲಿ ಇರಲಿಲ್ಲ. ತೋಟೆಯ ಕೊಳವೆಗೆ ಪೆಟ್ಟು ಬಿದ್ದು ನೆಗ್ಗಿದ್ದರೆ ಒಳಗಿನ ಸ್ಪ್ರಿಂಗ್ ಸಿಕ್ಕಿಬೀಳುವುದರಿಂದ ಅದನ್ನೂ ಬೆರಳಿನಿಂದ ಸವರಿ ನೋಡಿದೆ. ಖಾಲಿ ತೋಟೆಯನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಟರ್ ಈ ಕೋವಿಯಲ್ಲಿ ನಡುಭಾಗದ ಒಳಗೋಡೆಗೆ ರಿವೆಟ್ ಹೊಡೆದು ಕೂಡಿಸಿದ್ದು. ಅದು ಸಡಿಲವಾಗಿದ್ದರೆ ರಿಪೇರಿ ದುಬಾರಿ, ಹಾಗಿದ್ದ ಕೋವಿಯನ್ನು ಅಲ್ಲಿಯೇ ಬಿಟ್ಟು ಬರುವುದು ಮೇಲು. ಇದರಲ್ಲಿ ಗಟ್ಟಿಯಾಗಿತ್ತು. ಕೊನೆಗೆ ಅಂಗಡಿಯವರಿಂದಲೇ ಹುಸಿ ತೋಟೆಗಳನ್ನು ಕೇಳಿ ಪಡೆದು, ನಿಧಾನವಾಗಿಯೂ ಜೋರಾಗಿಯೂ ಎಳೆದು ತಳ್ಳಿ, ಪ್ರತಿಯೊಂದೂ ಏರಿ ಇಳಿಯುತ್ತದೆಯೇ, ಸೇಫ್ಟಿ ಒತ್ತಿದಾಗ ಕುದುರೆ (ಟ್ರಿಗರ್) ನಿಜವಾಗಿಯೂ ಕಟ್ಟಿಕೊಳ್ಳುತ್ತದೆಯೇ ಎಂದು ನೋಡಿದೆ. ಕೌಂಟರಿನ ಆಚೆಗಿದ್ದ ವೃದ್ಧರು ಸುಮ್ಮನೆ ನಿಂತು ನೋಡುತ್ತಿದ್ದು, ಯಾರ ಹತ್ತಿರ ಕಲಿತದ್ದೆಂದು ಕೇಳಿದರು. ಹೇಳಿದೆ.

ನಳಿಗೆಯ ಎಡಬದಿಯಲ್ಲಿ ಎರಡು ಅಕ್ಷರಗಳ ಗುರುತೊಂದಿದ್ದು, ಮೊದಲನೆಯದು ತಿಂಗಳನ್ನೂ ಎರಡನೆಯದು ವರ್ಷವನ್ನೂ ಹೇಳುತ್ತದೆ. ಅದರ ಪ್ರಕಾರ ಇದು 1970ರ ದಶಕದ ಒಂದು ಆಗಸ್ಟ್ ತಿಂಗಳಿನದು. ಆದರೆ ಇದರ ನಳಿಗೆ ಯಾವುದೇ ಉಪಕರಣವಿಲ್ಲದೆ ಕಳಚಿ ಬರುವುದರಿಂದ ಆ ಗುರುತು ನಳಿಗೆಯ ವಯಸ್ಸೇ ಹೊರತು ಇಡೀ ಕೋವಿಯದೆಂದು ಆಣೆ ಮಾಡಲಾಗದು. ಮುಖ್ಯವಾಗಿ ನೋಡಬೇಕಾದದ್ದು ತೋಟೆಯ ಅಳತೆಯನ್ನು. ಇದಕ್ಕೆ ಎರಡೂಮುಕ್ಕಾಲು ಇಂಚಿನ ತೋಟೆ ಮಾತ್ರ. ಇಲ್ಲಿನ ಅಂಗಡಿಗಳಲ್ಲಿ ಪಕ್ಕಪಕ್ಕದಲ್ಲೇ ಸಿಗುವ ಮೂರು ಇಂಚಿನದನ್ನು ಹಾಕಬಾರದು.

ಮಾಡಿಸಿದ ಕೆಲಸ ಹೆಚ್ಚಿಲ್ಲ. ಮೊದಲನೆಯದು ಭುಜಕ್ಕೆ ಕೊಡುವ ಹಿಂದಿನ ಮರದ್ದು. ಕುದುರೆಯಿಂದ ಮರದ ತುದಿಯವರೆಗೆ ಇದಕ್ಕೆ 14 ಇಂಚು ಇದೆ. ಆರಡಿ ಆಳಿಗೆ ಸರಿ, ನಿಮ್ಮ ಎತ್ತರವನ್ನೇ ಪಡೆದ ನನಗೆ ಅದು ಉದ್ದ. ಅದರ ಮೇಲೆ ಇಲ್ಲಿನ ಚಳಿಗೆ ದಪ್ಪ ಕೋಟು ತೊಟ್ಟರೆ ಕೋವಿ ಎತ್ತುವಾಗ ಮರ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಹಕ್ಕಿ ಹೋಗಿಯೇ ಬಿಡುತ್ತದೆ. ಬಿಲ್ಲೆಗಳನ್ನು ಸೇರಿಸಿ ಉದ್ದ ಹೊಂದಿಸಬಹುದಾದ ಪ್ಲಾಸ್ಟಿಕ್ ಹಿಡಿಗಳು ಸಿಗುತ್ತವೆ, ಕೆಲಸಕ್ಕೆ ಒಳ್ಳೆಯವೇ. ಆದರೆ ವಾಲ್ನಟ್ ಮರ ತೆಗೆದು ಕರಿ ಪ್ಲಾಸ್ಟಿಕ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಮೂಲ ಮರವನ್ನು ಕುಯ್ಯಿಸಲೂ ಕೈ ಏಳಲಿಲ್ಲ. ಆದುದರಿಂದ ಗೀರುಬಿದ್ದ ಇನ್ನೊಂದು ಹಳೆಯ ಮರವನ್ನು ಅಗ್ಗದಲ್ಲಿ ಕೊಂಡು, ಕೋವಿ ರಿಪೇರಿಯವರಲ್ಲಿ ಒಂದು ಇಂಚು ಕುಯ್ಯಿಸಿ, ತುದಿಗೆ ಮೆತ್ತನೆಯ ರಬ್ಬರ್ ಕೂಡಿಸಿದೆ. ಮೊದಲಿದ್ದ ರಬ್ಬರ್ ವಯಸ್ಸಾಗಿ ಕಲ್ಲಾಗಿತ್ತು. ಈಗ ಒದೆತ ಅರ್ಧಕ್ಕರ್ಧ ಕಡಿಮೆಯಾದಂತೆ ಅನ್ನಿಸುತ್ತದೆ. ಕಣ್ಣುಮುಚ್ಚಿ ಕೋವಿ ಎತ್ತಿ, ಆಮೇಲೆ ಕಣ್ಣು ತೆರೆದರೂ ನೋಟ ನೇರವಾಗಿ ನಳಿಗೆಯ ಮೇಲೆಯೇ ಇರುತ್ತದೆ. ಮೂಲ ಮರ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿದೆ.

ಎರಡನೆಯದು ಕೊಳವೆಯ ಸ್ಪ್ರಿಂಗ್. ದಶಕಗಳ ಒತ್ತಡದಿಂದ ಅದು ಸೋತಿತ್ತು. ಹೊಸ ಸ್ಪ್ರಿಂಗನ್ನೂ, ಅದರ ತುದಿಯಲ್ಲಿ ತೋಟೆಯನ್ನು ತಳ್ಳುವ ಬಿಲ್ಲೆಯನ್ನೂ ಹಾಕಿದೆ. ಬಿಲ್ಲೆ ಕಿತ್ತಳೆ ಬಣ್ಣದ್ದು, ತೆರೆದು ನೋಡಿದ ಕೂಡಲೇ ಕೊಳವೆ ಖಾಲಿಯಿದೆಯೆಂದು ತಿಳಿಯಲೆಂದೇ. ಬಿಚ್ಚಿದಾಗ ಒಳಗೊಂದು ಮರದ ಕೋಲು ಸಿಕ್ಕಿತು, ಕೊಳವೆಗೆ ಹೆಚ್ಚು ತೋಟೆ ತುಂಬದಂತೆ ಇಟ್ಟದ್ದು. ವಲಸೆ ಹಕ್ಕಿಗಳನ್ನು ಹೊಡೆಯುವಾಗ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟೆ ಇರಬಾರದೆಂದು ಇಲ್ಲಿ 1935ರಿಂದಲೂ ನಿಯಮವಿದೆ. ಹಿಂದಿನ ಯಜಮಾನರು ಬಾತುಕೋಳಿ ಹೊಡೆಯುವವರಾಗಿದ್ದಿರಬೇಕು. ಫೆಸೆಂಟಿಗೆ ಈ ನಿಯಮ ಅನ್ವಯಿಸದಿದ್ದರೂ ಕೋಲನ್ನು ಹಾಗೆಯೇ ಬಿಟ್ಟಿದ್ದೇನೆ. ಎರಡು ಈಡಿಗೆ ಸಿಗದ ಹಕ್ಕಿಗೆ ಐದು ಈಡು ಹಾಕಿದರೂ ಚರೆ ದಂಡವೆಂದು ನೀವೇ ಹೇಳುವವರು.

ಮೂರನೆಯದನ್ನು ನೀವು ಮೆಚ್ಚುವಿರೆಂದು ನನ್ನ ನಂಬಿಕೆ. ನನ್ನ ಕೋವಿಯ ಕಾಲದ 870ಗಳಲ್ಲಿ ಒಂದು ತೊಡಕಿತ್ತು. ಯಾವಾಗಲಾದರೊಮ್ಮೆ ತೋಟೆಯೊಂದು ಅವಧಿಗೆ ಮುನ್ನವೇ ಕೊಳವೆಯಿಂದ ಜಾರಿ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿಗೂ ತೋಟೆಯನ್ನು ಎತ್ತುವ ತಟ್ಟೆಗೂ ನಡುವೆ ಸಿಕ್ಕಿಕೊಂಡರೆ, ಹಿಡಿ ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಕೋವಿ ಕಟ್ಟಿಕೊಳ್ಳುತ್ತಿತ್ತು. 1980ರ ದಶಕದಲ್ಲಿ ಕಂಪನಿಯವರು ಆ ತಟ್ಟೆಯಲ್ಲಿ ಸೀಳು ಬಿಟ್ಟು, ಬಾಗುವ ನಾಲಗೆಯೊಂದನ್ನು ಇಟ್ಟು ಇದನ್ನು ಸರಿಪಡಿಸಿದರು. ಆ ತಟ್ಟೆಯನ್ನೂ ಅದಕ್ಕೆ ಹೊಂದುವ ಒಳಭಾಗಗಳನ್ನೂ ರಿಪೇರಿಯವರು ನನ್ನ ಕೋವಿಗೆ ಹಾಕಿಕೊಟ್ಟರು. ಹೊರಗಿನಿಂದ ನೋಡಿದರೆ ಏನೂ ಕಾಣದು. ಅದೇ ಹೊತ್ತಿಗೆ ಎರಡು ಪಿನ್ ತಳ್ಳಿ ಕುದುರೆಯ ಜೋಡಣೆಯನ್ನು ಇಳಿಸಿ, ಬೆಲ್ಲದ ಪಾಕದಂತೆ ಅಂಟಾಗಿದ್ದ ಹಳೆಯ ಎಣ್ಣೆಯನ್ನೆಲ್ಲ ತೊಳೆದರು.

ಇಷ್ಟೇ. ಕೊಳವೆಯನ್ನು ಉದ್ದ ಮಾಡುವ ತುಂಡು, ನಳಿಗೆಗೆ ಟಾರ್ಚು, ಪಕ್ಕಕ್ಕೆ ತೋಟೆ ಸಿಕ್ಕಿಸುವ ಪಟ್ಟಿ ಎಂದು ಅಂಗಡಿಯ ಗೋಡೆ ತುಂಬ ನೇತುಹಾಕಿದ್ದರು, ನನಗೆ ಅವುಗಳಿಂದ ಆಗಬೇಕಾದದ್ದೇನೂ ಇಲ್ಲ. ಮುಂದಿನ ಹಿತ್ತಾಳೆಯ ಗುರಿಮಣಿಯನ್ನು ಕೂಡ ಬದಲಾಯಿಸಲಿಲ್ಲ. ಹಾರುವ ಹಕ್ಕಿಗೆ ಗುರಿಯಿಡುವವನು ಹಕ್ಕಿಯನ್ನು ನೋಡಬೇಕೇ ಹೊರತು ಮಣಿಯನ್ನಲ್ಲ. ಮುಂದೆ ಬೇಕಾದರೆ ಚೋಕ್, ಅಂದರೆ ಚರೆ ಎಷ್ಟು ಹರಡಬೇಕೆಂದು ಹಿಡಿತದಲ್ಲಿಡುವ ನಳಿಗೆಯ ತುದಿಯ ಬಿಗಿತ, ಬದಲಾಯಿಸಬಹುದಾದ ಹಳೆಯ ನಳಿಗೆಯೊಂದನ್ನು ಹುಡುಕುತ್ತೇನೆ. ಕೆಲವು ಸರ್ಕಾರಿ ಜಾಗಗಳಲ್ಲಿ ಸೀಸದ ಚರೆ ನಿಷಿದ್ಧ, ಉಕ್ಕಿನ ಚರೆಯೇ ಆಗಬೇಕು. ಈಗಿರುವ ಮಾಡಿಫೈಡ್ ಚೋಕಿನ ನಳಿಗೆ ಅದಕ್ಕೆ ತಡೆಯುತ್ತದೆಂದು ರಿಪೇರಿಯವರು ನೋಡಿ ಹೇಳಿದ್ದಾರೆ, ಹಾಗಾಗಿ ಅವಸರವಿಲ್ಲ.

ಅಮ್ಮನಿಗೆ ಈ ಭಾಗವನ್ನು ದಯವಿಟ್ಟು ಓದಿ ಹೇಳಿ. ಕೋವಿ ನೆಲಕ್ಕೆ ಬೋಲ್ಟ್ ಹಾಕಿ ಕೂಡಿಸಿದ ಉಕ್ಕಿನ ಪೆಟ್ಟಿಗೆಯಲ್ಲಿ, ಕುದುರೆಗೆ ಬೀಗ ಹಾಕಿದ ಸ್ಥಿತಿಯಲ್ಲಿದೆ. ತೋಟೆಗಳು ಬೇರೆ ಕೋಣೆಯ ಬೇರೆ ಪೆಟ್ಟಿಗೆಯಲ್ಲಿವೆ, ಎರಡರ ಕೀಲಿಯೂ ಮಗುವಿನ ಕೈಗೆ ಎಟುಕುವಲ್ಲಿಲ್ಲ. ನಿಮ್ಮ ಸೊಸೆ ಈ ಷರತ್ತುಗಳನ್ನು ಕೋವಿ ಮನೆಗೆ ಬರುವ ಮೊದಲೇ ಬರೆಸಿಕೊಂಡಿದ್ದಾಳೆ. ಹೊಲಕ್ಕೆ ಹೋಗುವಾಗ ದೂರದಿಂದಲೇ ಕಾಣುವ ಕಿತ್ತಳೆ ಬಣ್ಣದ ಉಡುಪು ತೊಡಬೇಕೆಂಬುದು ಇಲ್ಲಿಯ ಕಾನೂನು, ಆ ಟೋಪಿ ಮತ್ತು ಅಂಗಿಗಳನ್ನೂ ತಂದಿಟ್ಟಿದ್ದೇನೆ.

ನಿಮ್ಮಿಂದ ಒಂದು ವಿಷಯ ತಿಳಿಯಬೇಕಾಗಿದೆ. ಮಳೆಗಾಲದಲ್ಲಿ ನೀವು ನಳಿಗೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಿರೋ, ಹೊಲಿಗೆ ಯಂತ್ರದ ಎಣ್ಣೆಯೋ ನನಗೆ ನೆನಪಿಲ್ಲ. ಇಲ್ಲಿ ಹಿಮದಿಂದ ಬೆಚ್ಚನೆಯ ಮನೆಯೊಳಗೆ ತಂದ ಕೂಡಲೇ ಉಕ್ಕು ಬೆವರುತ್ತದೆ, ಕೊಬ್ಬರಿ ಎಣ್ಣೆಯಾದರೆ ಚಳಿಗೆ ಗಟ್ಟಿಯಾಗಿಬಿಡುತ್ತದೆ. ನಿಮ್ಮ ಲೈಸೆನ್ಸಿನ ನವೀಕರಣ ಯಾವಾಗ ಬರುತ್ತದೆಂದೂ ತಿಳಿಸಿ. ನಾನು ಊರಿಗೆ ಬರುವ ಸಮಯಕ್ಕೆ ಸರಿಹೋದರೆ ಚಿಕ್ಕಮಗಳೂರಿಗೆ ನಾನೇ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಅಡಿಕೆಗೆ ಎರಡನೇ ಔಷಧಿ ಹೊಡೆದಾಯಿತೇ ಎಂಬುದನ್ನೂ ಬರೆಯಿರಿ.

ಅಮ್ಮನಿಗೂ ಚಿಕ್ಕಪ್ಪಯ್ಯನವರಿಗೂ ನಮಸ್ಕಾರಗಳು, ತಂಗಿಗೆ ಆಶೀರ್ವಾದಗಳು.

ಇಂತಿ,
ನಿಮ್ಮ ವಿಧೇಯ ಮಗ